ಅಮ್ಮನ ಮದುವೆ: ಕೇಳಿ ಕೇಳಿ ಸಾಕಾದ ಪ್ರಶ್ನೆಗೆ ಉತ್ತರ

"ಅಮ್ಮ ಇನ್ನೊಂದು ಮದುವೆ ಆದ್ರಂತಲ್ಲ, ಮಗನಾಗಿ ನಿನಗೆ ಏನೂ ಅನ್ನಿಸಲಿಲ್ವಾ?" ಗೃಹಪ್ರವೇಶವಿರಲಿ, ತಿಥಿಯಿರಲಿ, ಎಲೆ ಮುಂದೆ ಕೂತ ಕೂಡಲೇ ಪಕ್ಕದವರು ಇದನ್ನೇ ಎತ್ತುತ್ತಾರೆ. ಅನ್ನಿಸಿತು. ಖುಷಿಯಾಯಿತು. ಇನ್ನು ಬಾಯಲ್ಲಿ ಹೇಳುವುದಿಲ್ಲ, ಓದಿಕೊಳ್ಳಿ.

ಸಿಟ್ಟು ಬರುವುದು ಆ ಪ್ರಶ್ನೆಯ ಬಾಲಕ್ಕೆ. "ಹೋಗ್ಲಿ ಬಿಡಪ್ಪ, ಈ ವಯಸ್ಸಲ್ಲಿ ಒಂದು ಆಸರೆ ಬೇಕು. ರಾತ್ರಿ ಎದ್ದು ಮಾತ್ರೆ ಕೊಡೋಕಾದ್ರೂ ಯಾರಾದ್ರೂ ಬೇಡ್ವಾ?" ದೊಡ್ಡಮ್ಮ ನನ್ನ ಬೆನ್ನು ಸವರುತ್ತಾ ಹೀಗಂದರು. "ದೊಡ್ಡಮ್ಮ, ಅಮ್ಮನಿಗೆ ಬಿಪಿಯೂ ಇಲ್ಲ, ಶುಗರೂ ಇಲ್ಲ. ಪ್ರೀತಿಯಾಯ್ತು, ಮದುವೆಯಾದಳು" ಅಂದೆ. ಬೆನ್ನ ಮೇಲಿನ ಕೈ ಸರಕ್ಕನೆ ಹಿಂದೆ ಹೋಯಿತು.

ಆಸರೆಯೇ ಬೇಕಿದ್ದರೆ ಮದುವೆಯಾಗದಿರುವುದೇ ಲಾಭವಿತ್ತು. ಅಪ್ಪ ಸರ್ಕಾರಿ ಶಾಲೆ ಮೇಷ್ಟ್ರು. ಅವರು ಹೋದ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಮರುಮದುವೆಯಾದರೆ ಅದು ನಿಲ್ಲುತ್ತದೆ. ಬದುಕಿದ್ದೇನೆ ಎಂಬ ಪ್ರಮಾಣಪತ್ರದ ಜೊತೆ, ಮರುಮದುವೆಯಾಗಿಲ್ಲ ಎಂದೂ ಬರೆದುಕೊಡಬೇಕು. "ಸುಮ್ಮನೆ ಒಟ್ಟಿಗಿರಿ, ಯಾರು ಬಂದು ನೋಡ್ತಾರೆ" ಎಂದವರಿದ್ದರು. ಅಮ್ಮ ಸುಳ್ಳು ಸಹಿ ಹಾಕಲಿಲ್ಲ. ಪಿಂಚಣಿ ನಿಲ್ಲಿಸಿ ಎಂದು ತಾನೇ ಅರ್ಜಿ ಬರೆದಳು.

ಓದಿಕೊಂಡವರಾದರೆ 'ವಂಶವೃಕ್ಷ'ದ ಕಾತ್ಯಾಯನಿಯನ್ನು ಎಳೆದು ತರುತ್ತಾರೆ. ಭೈರಪ್ಪನವರ 1965ರ ಕಾದಂಬರಿ. ವಿಧವೆ ಕಾತ್ಯಾಯನಿ ತಾನು ಮೆಚ್ಚಿದವನನ್ನು ಮದುವೆಯಾಗುತ್ತಾಳೆ. ಮಗ ಅಜ್ಜನ ಮನೆಯಲ್ಲೇ ಉಳಿಯುತ್ತಾನೆ, ಮತ್ತೆ ಬಸಿರಾದರೂ ನಿಲ್ಲುವುದಿಲ್ಲ, ಕೊನೆಗೆ ಕೊರಗಿ ಸಾಯುತ್ತಾಳೆ. ದೊಡ್ಡ ಕಾದಂಬರಿ, ಎರಡು ಮಾತಿಲ್ಲ. ಆದರೆ ತಾಯಿಯಾದವಳು ಒಲಿದರೆ ಮಗನನ್ನೇ ತೆರಬೇಕು ಎಂಬ ಲೆಕ್ಕ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ನಾನು ಆ ಮಗನ ಜಾಗದಲ್ಲೇ ಇದ್ದೇನೆ. ಭಾನುವಾರ ಬಂದರೆ ಅಮ್ಮನ ಮನೆಯಲ್ಲೇ ನನ್ನ ಊಟ.

ಅವರಿಬ್ಬರಿಗೆ ಪ್ರೀತಿ ಹೇಗಾಯಿತು ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ಅದನ್ನು ಕೇಳಿ! ಬೆಳಿಗ್ಗೆ ಏಳಕ್ಕೆ ಅಂಕಲ್ ಫೋನು: "ಮೇಡಂ, ಇವತ್ತಿನ ಪದಬಂಧ, ಎಡದಿಂದ ಬಲಕ್ಕೆ ಒಂಬತ್ತು. ಇರುವೆ, ನಾಲ್ಕಕ್ಷರ." ಕುಕ್ಕರ್ ಕೂಗುತ್ತಿದ್ದರೂ ಅಮ್ಮ ಕನ್ನಡಕ ಹುಡುಕಿ, ಪೇಪರ್ ಹರಡಿಕೊಂಡು ಕೂರುತ್ತಿದ್ದಳು. ಅವರೋ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಅವರಿಗೆ ಪಿಪೀಲಿಕ ಗೊತ್ತಿಲ್ಲವೇ!

ಅಮ್ಮನಿಗೂ ಗೊತ್ತಿತ್ತು. ಬೇಕಂತಲೇ "ಕಟ್ಟಿರುವೆ ಇರಬಹುದು ನೋಡಿ" ಅನ್ನುತ್ತಿದ್ದಳಂತೆ, ತಪ್ಪಾಯಿತು ಎಂದು ಸಂಜೆ ಮತ್ತೆ ಫೋನ್ ಬರಲಿ ಅಂತ. ಹೋದ ಭಾನುವಾರ ಸಾರು ಬಡಿಸುತ್ತಾ ಇದನ್ನು ಹೇಳಿ ನಕ್ಕಳು. ಅಂಕಲ್‌ಗೆ ವಿಷಯ ಗೊತ್ತಾದದ್ದೇ ಆಗ.