ಮೂರನೇ ಸಲ ಕೇಳಿದ ಮೇಲೆ

ಹೊಸ ಆಲ್ಬಮ್ ಬಿಡುಗಡೆಯಾಗಿದ್ದು ಮಧ್ಯರಾತ್ರಿ. ಬೆಳಗಾಗುವಷ್ಟರಲ್ಲಿ ವಿಮರ್ಶೆ ಬಂತು, ಹತ್ತಕ್ಕೆ ನಾಲ್ಕು. ಒಂದು ಸಲ ಕೇಳಿ ನಾನೂ ಪಕ್ಕಕ್ಕಿಟ್ಟಿದ್ದೆ. ಇವತ್ತು ಹೆಡ್‌ಫೋನ್ ಹಾಕಿಕೊಂಡು ಮೂರನೇ ಸಲ ಕೇಳಿದೆ. ಐದನೇ ಹಾಡಿನಲ್ಲಿ ಡ್ರಮ್ಸ್ ಪೂರ್ತಿ ನಿಂತು ಬರೀ ದನಿ ಉಳಿಯುತ್ತದೆ. ಸಾಲು ಶುರುವಾಗುವ ಮುಂಚೆ ಗಾಯಕಿ ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ಮೈ ಜುಮ್ಮೆಂದಿತು. ಮೊದಲ ಸಲ ಇದು ಕಿವಿಗೆ ಬಿದ್ದೇ ಇರಲಿಲ್ಲ!

1969ರಲ್ಲಿ ಲೆಡ್ ಜೆಪ್ಪೆಲಿನ್ ಎಂಬ ಬ್ರಿಟಿಷ್ ರಾಕ್ ತಂಡದ ಮೊದಲ ಆಲ್ಬಮ್ಮನ್ನು ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್ ಕಟುವಾಗಿ ಟೀಕಿಸಿತ್ತು. ಮುಂದೆ ಅದೇ ಪತ್ರಿಕೆ ತನ್ನ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಟ್ಟಿತು. ವಿಮರ್ಶೆ ಬೇಕು, ಖಾರವಾಗಿಯೇ ಇರಲಿ. ಈ ಹೊಸ ಆಲ್ಬಮ್‌ನ ಎರಡನೇ ಹಾಡಿನ ಸಾಹಿತ್ಯ ಸಪ್ಪೆ ಅಂತ ವಿಮರ್ಶೆಯಲ್ಲಿ ಅಂದಿದ್ದು ನಿಜವೇ. ಆದರೆ ಒಂದೇ ರಾತ್ರಿಯಲ್ಲಿ ತೀರ್ಪು ಕೊಡುವಷ್ಟು ಅವಸರ ಯಾಕೆ, ಅಲ್ವಾ?

ಐದನೇ ಹಾಡು ಮತ್ತೆ ಹಾಕಿದ್ದೇನೆ.