ಎರಡೇ ಮನೆಯ ಕೌಂಟಿ

ನನ್ನ ಸ್ಟಾಟಿಸ್ಟಿಕ್ಸ್ ಪುಸ್ತಕಕ್ಕೆ ಹೊಗೆಯ ವಾಸನೆ ಹಿಡಿದದ್ದು ಕಳೆದ ಜುಲೈಯಲ್ಲಿ. ಮಳೆ ಬಿಡದೆ ಹೊಯ್ಯುತ್ತಿತ್ತು. ಮುಡಿಪಿನ ಹತ್ತಿರದ ನಮ್ಮ ಮನೆಯಲ್ಲಿ ಚಪ್ಪಲಿಗೂ ಬೂಷ್ಟು, ಬ್ಯಾಗಿಗೂ ಬೂಷ್ಟು. ಪುಸ್ತಕದ ರಟ್ಟಿನ ಮೇಲೆ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬೆಳ್ಳಗಾಗಿತ್ತು. ಅಮ್ಮ ಅದನ್ನು ಒರೆಸಿ, ಒಲೆಯ ಮೇಲೆ ತೂಗುಬಿಟ್ಟ ತಟ್ಟಿಯಲ್ಲಿ ತಮ್ಮ ಬೀಡಿ ಕಟ್ಟುಗಳ ಪಕ್ಕ ಇಟ್ಟಿದ್ದರು. ಬೀಡಿ ತಂಡಿ ಹಿಡಿದರೆ ಕಂಪನಿಯ ಬ್ರಾಂಚಿನಲ್ಲಿ, ಅಂದರೆ ಕಟ್ಟಿದ ಬೀಡಿ ಒಪ್ಪಿಸುವಲ್ಲಿ, ತೆಗೆದುಕೊಳ್ಳುವುದಿಲ್ಲ. ಪುಸ್ತಕ ತಂಡಿ ಹಿಡಿದರೆ ಮಗಳ ಪಿಎಚ್‌ಡಿ ಆಗುವುದಿಲ್ಲ. ಅವರ ಲೆಕ್ಕದಲ್ಲಿ ಎರಡೂ ಒಂದೇ.

ಪುಸ್ತಕ ಆಂಡ್ರ್ಯೂ ಗೆಲ್ಮನ್ ಮತ್ತು ಜೆನ್ನಿಫರ್ ಹಿಲ್ ಬರೆದದ್ದು, ಕೇಂಬ್ರಿಡ್ಜ್ 2007ರಲ್ಲಿ ಪ್ರಕಟಿಸಿದ್ದು. ರಿಗ್ರೆಶನ್ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ಅಂದಾಜು ಮಾಡುವ ಲೆಕ್ಕ) ಮತ್ತು ಬಹುಸ್ತರ ಮಾದರಿಗಳ ಬಗ್ಗೆ. ಆರುನೂರು ಪುಟ ದಾಟುತ್ತದೆ, ಎದೆಯ ಮೇಲಿಟ್ಟು ಮಲಗಿ ಓದುವ ಜಾತಿಯದ್ದಲ್ಲ. ಕೊಣಾಜೆಯ ಯೂನಿವರ್ಸಿಟಿಯಿಂದ ಬಸ್ಸಲ್ಲಿ ನಿಂತು ಬರುವಾಗ ಓದಲಿಕ್ಕೂ ಆಗುವುದಿಲ್ಲ, ಒಂದು ಕೈ ಸರಳಿಗೆ ಬೇಕಲ್ಲ.

ಇದನ್ನು ಓದಿ ಅಂತ ನನ್ನ ಗೈಡ್ ಮೇಡಂ ಹೇಳಿದ್ದಕ್ಕೆ ಒಂದು ಕಾರಣ ಉಂಟು. ನನ್ನ ವಿಷಯ ಬೀಡಿ ಕಟ್ಟುವ ಹೆಂಗಸರದ್ದು. ಸಾವಿರ ಬೀಡಿ ಕೊಂಡುಹೋದರೆ ಚೆಕ್ಕರ್ ಎಷ್ಟು ತೆಗೆದು ಪಕ್ಕಕ್ಕೆ ಹಾಕುತ್ತಾನೆ, ಅದು ಬ್ರಾಂಚಿನಿಂದ ಬ್ರಾಂಚಿಗೆ ಯಾಕೆ ಬೇರೆ. ಪಕ್ಕಕ್ಕೆ ಹಾಕಿದ ಬೀಡಿಗೆ ಮಜೂರಿ ಇಲ್ಲ. ಎಲೆ ನೆನೆಸಿ, ತಗಡಿನ ಅಳತೆ ಇಟ್ಟು ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಕಟ್ಟಿ, ತುದಿ ಮಡಚಿದ ಕೆಲಸವೆಲ್ಲ ಹೋದ ಹಾಗೆ. ಗೆರಸೆ, ಅಂದರೆ ನಮ್ಮ ತುಳುವಿನ ತಡ್ಪೆ, ಮಡಿಲಲ್ಲಿಟ್ಟುಕೊಂಡು ಅಮ್ಮ ಇದನ್ನು ನಾನು ಹುಟ್ಟುವ ಮೊದಲಿನಿಂದ ಮಾಡುತ್ತಿದ್ದಾರೆ. ಹಾಗಾಗಿ ಈ ವಿಷಯದಲ್ಲಿ ನನಗೆ ಸಿಟ್ಟು ಮೊದಲೇ ಇತ್ತು, ಡೇಟಾ ಆಮೇಲೆ ಬಂತು.

ಮೊದಲ ಕರಡಿನಲ್ಲಿ ಬ್ರಾಂಚುಗಳನ್ನು ಸರಾಸರಿಯ ಪ್ರಕಾರ ಸಾಲಾಗಿ ನಿಲ್ಲಿಸಿದ್ದೆ, ಅತಿ ಕೆಟ್ಟದ್ದು ಮೇಲೆ. ಮೇಲಿನ ಬ್ರಾಂಚಿನ ಬಗ್ಗೆ ಒಂದೂವರೆ ಪುಟ ಬರೆದಿದ್ದೆ, ಅಲ್ಲಿನ ಚೆಕ್ಕರನ ದರ್ಪ, ಅದು ಇದು. ಮೇಡಂ ಪೂರ್ತಿ ಓದಿ, ಪೆನ್ಸಿಲಿನಲ್ಲಿ ಆ ಬ್ರಾಂಚಿಗೊಂದು ಸುತ್ತು ಹಾಕಿ ಕೇಳಿದರು.

"ಇಲ್ಲಿ ನಿಮಗೆ ಎಷ್ಟು ಜನ ಸಿಕ್ಕಿದ್ರು?"

"ಮೂವರು ಮೇಡಂ."

"ಯಾವಾಗ?"

"ಜೂನ್ ಕೊನೆಗೆ."

ಅವರು ಮುಂದೆ ಏನೂ ಹೇಳಲಿಲ್ಲ. 11ರಿಂದ 13ನೇ ಅಧ್ಯಾಯ ಓದಿಕೊಂಡು ಬನ್ನಿ ಅಂದರು, ಅಷ್ಟೆ. ಹೊರಗೆ ಬಂದು ನೋಡಿದರೆ ನನ್ನ ಕೊಡೆಯನ್ನು ಯಾರೋ ತೆಗೆದುಕೊಂಡು ಹೋಗಿದ್ದರು. ಆ ದಿನ ಹಾಗೆಯೇ ಇತ್ತು.

12ನೇ ಅಧ್ಯಾಯದಲ್ಲಿ ಬರುವುದು ರೇಡಾನ್. ನೆಲದಿಂದ ಏಳುವ ವಿಕಿರಣದ ಅನಿಲ. ಶ್ವಾಸಕೋಶದ ಕ್ಯಾನ್ಸರಿಗೆ ಹೊಗೆ ಸೇದುವುದರ ನಂತರದ ದೊಡ್ಡ ಕಾರಣಗಳಲ್ಲಿ ಒಂದು. (ಬೀಡಿ ಕಟ್ಟಿದ ದುಡ್ಡಲ್ಲಿ ಓದುವವಳು ಇದನ್ನು ಓದುವಾಗ ಸ್ವಲ್ಪ ಮುಖ ಆಚೆ ತಿರುಗಿಸಬೇಕಾಗುತ್ತದೆ.) ಅಮೆರಿಕದ ಮಿನ್ನೆಸೋಟ ರಾಜ್ಯದ 85 ಕೌಂಟಿಗಳ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) 919 ಮನೆಗಳಲ್ಲಿ ಅಳೆದ ಲೆಕ್ಕ. ಅಳತೆ ಎಲ್ಲಿ ತೆಗೆದದ್ದು ಎನ್ನುವುದೂ ಮುಖ್ಯ, ನೆಲಮಾಳಿಗೆಯಲ್ಲೋ ಫಸ್ಟ್ ಫ್ಲೋರಿನಲ್ಲೋ. ಇಲ್ಲಿ ನಾನು ಎರಡು ದಿನ ಮುಗ್ಗರಿಸಿದೆ. ನೆಲಮಾಳಿಗೆ ಆಯ್ತು, ಫಸ್ಟ್ ಫ್ಲೋರ್ ಆಯ್ತು, ನಡುವಿನ ಗ್ರೌಂಡ್ ಫ್ಲೋರ್ ಎಲ್ಲಿಗೆ ಹೋಯಿತು? ಅವರ ಫಸ್ಟ್ ಫ್ಲೋರೇ ನಮ್ಮ ಗ್ರೌಂಡ್ ಫ್ಲೋರ್ ಅಂತ ಹೊಳೆದಾಗ ನಗು ಬಂತು. ನಮ್ಮಲ್ಲಿ ನೆಲಮಾಳಿಗೆ ತೋಡಿದರೆ ಜುಲೈಗೆ ಬಾವಿಯಾಗುತ್ತದೆ.

ಆ 85ರಲ್ಲಿ ರೇಡಾನಿನ ಸರಾಸರಿ ಎಲ್ಲಕ್ಕಿಂತ ಹೆಚ್ಚಿರುವ ಕೌಂಟಿಯ ಹೆಸರು ಲಾಕ್ ಕಿ ಪಾರ್ಲ್. ಸರಿಯಾದ ಉಚ್ಚಾರ ಇದೇ ಅಂತ ಆಣೆ ಹಾಕಲಾರೆ. ಅಲ್ಲಿ ಅಳೆದ ಮನೆಗಳು ಎಷ್ಟು ಗೊತ್ತುಂಟಾ? ಎರಡು.

ಪುಸ್ತಕ ಮುಚ್ಚಿ ಜಗಲಿಗೆ ಬಂದು ಕೂತೆ. ಮೇಡಂ ಯಾಕೆ ಸುಮ್ಮನಾದದ್ದು ಅಂತ ಆಗ ಅಂದಾಜಾಯಿತು.

ದಾರಿ ಮೂರು. ಕೌಂಟಿಗಳ ಗೊಡವೆಯೇ ಬೇಡ ಅಂತ ಎಲ್ಲ ಮನೆಗಳನ್ನೂ ಒಟ್ಟಿಗೆ ಹಾಕಿ ಒಂದೇ ಸರಾಸರಿ ತೆಗೆಯಬಹುದು; ಆಗ ಊರು ಊರಿನ ವ್ಯತ್ಯಾಸ ಸತ್ತೇ ಹೋಗುತ್ತದೆ. ಅಥವಾ ಪ್ರತಿ ಕೌಂಟಿಯನ್ನೂ ಅದರಷ್ಟಕ್ಕೆ ಬಿಡಬಹುದು. ಆಗ ಎರಡು ಮನೆಯ ಕೌಂಟಿ ಇಡೀ ರಾಜ್ಯದಲ್ಲೇ ಅತಿ ಅಪಾಯದ್ದಾಗಿ ಕಾಣುತ್ತದೆ, ನಾನು ಮಾಡಿದ್ದು ಇದನ್ನೇ. ಮೂರನೆಯದಕ್ಕೆ ಪಾರ್ಶಿಯಲ್ ಪೂಲಿಂಗ್ ಅನ್ನುತ್ತಾರೆ. ಕೌಂಟಿಯ ಸ್ವಂತ ಸರಾಸರಿ, ರಾಜ್ಯದ ಸರಾಸರಿ ಎರಡನ್ನೂ ತಕ್ಕಡಿಗೆ ಹಾಕುವುದು. ಸ್ವಂತ ಸರಾಸರಿಯ ತೂಕ ಅಂದರೆ ಅಲ್ಲಿನ ಅಳತೆಗಳ ಸಂಖ್ಯೆಯನ್ನು ಕೌಂಟಿಯೊಳಗಿನ ವೇರಿಯನ್ಸಿನಿಂದ (ಅಂಕಿಗಳು ಎಷ್ಟು ಚದುರಿವೆ ಅನ್ನುವ ಅಳತೆ) ಭಾಗಿಸಿದ್ದು. ರಾಜ್ಯದ ಸರಾಸರಿಯ ತೂಕ ಅಂದರೆ 1ನ್ನು ಕೌಂಟಿ ಕೌಂಟಿಗಳ ನಡುವಿನ ವೇರಿಯನ್ಸಿನಿಂದ ಭಾಗಿಸಿದ್ದು. ನೂರು ಮನೆ ಅಳೆದ ಕೌಂಟಿ ತನ್ನ ಜಾಗ ಬಿಟ್ಟು ಅಲ್ಲಾಡುವುದಿಲ್ಲ. ಎರಡು ಮನೆಯದ್ದು ಜಾರಿ ನಡುವಿನ ಕಡೆಗೆ ಬರುತ್ತದೆ. ಎಷ್ಟು ಜಾರಬೇಕು ಅಂತ ನಾವು ಹೇಳುವುದಲ್ಲ, ಡೇಟಾದಿಂದಲೇ ಹೊರಡುತ್ತದೆ. ನನಗೆ ತುಂಬ ಹಿಡಿಸಿದ್ದು ಇದೇ.

ಆಮೇಲೆ ಅವರು ಪ್ರತಿ ಕೌಂಟಿಯ ಮಣ್ಣಿನಲ್ಲಿರುವ ಯುರೇನಿಯಂ ಪ್ರಮಾಣವನ್ನೂ ತಂದು ಸೇರಿಸುತ್ತಾರೆ. ಅದು ಮನೆಯ ಗುಣ ಅಲ್ಲ, ಊರಿನ ಗುಣ. ಬಹುಸ್ತರ ಅನ್ನುವುದು ಇದಕ್ಕೇ. ನನಗೆ ಯುರೇನಿಯಂ ಅಂದರೆ ಎಲೆ. ಎಲೆ ಇಡೀ ಬ್ರಾಂಚಿಗೆ ಒಟ್ಟಿಗೆ ಬರುತ್ತದೆ. ತೂತು ಬಿದ್ದ, ಒಣಗಿ ಪುಡಿಯಾಗುವ ಎಲೆ ಬಂದ ವಾರ ಎಷ್ಟು ಕೈಚಳಕದವಳು ಕಟ್ಟಿದರೂ ಬೀಡಿ ನೆಟ್ಟಗಿರುವುದಿಲ್ಲ. ಹೆಂಗಸರು ಇದನ್ನು ನನಗೆ ಹತ್ತು ಸಲ ಹೇಳಿದ್ದರು. ಡೈರಿಯಲ್ಲಿ ಬರೆದುಕೊಂಡಿದ್ದೆ, ಲೆಕ್ಕಕ್ಕೆ ಮಾತ್ರ ಸೇರಿಸಿರಲಿಲ್ಲ.

ಹಾಗಂತ ಪುಸ್ತಕವೆಲ್ಲ ಬೆಣ್ಣೆ ಅಂತ ಅಲ್ಲ. ಬಗ್ಸ್ ಅನ್ನುವ ಸಾಫ್ಟ್‌ವೇರಿನ ಭಾಗ ಹಳೆಯದಾಗಿದೆ, ಅದನ್ನು ಹಾರಿಸಿ ಆರ್ ಅನ್ನುವ ಇನ್ನೊಂದು ಸಾಫ್ಟ್‌ವೇರಿನಲ್ಲೇ ಮಾಡಿದೆ. ಮೊದಲರ್ಧದ ರಿಗ್ರೆಶನ್ನಿಗೆ ಇವರಿಬ್ಬರೇ ಅಕಿ ವೆಹ್ತಾರಿಯ ಜೊತೆ 2020ರಲ್ಲಿ ಬೇರೆ ಪುಸ್ತಕ ತಂದಿದ್ದಾರೆ, ಹೊಸಬರಿಗೆ ಅದು ಸಲೀಸು. ಆದರೆ ಹಳೆಯದರಲ್ಲಿ ಸಿಕ್ಕಿದ ಒಂದು ಕಿವಿಮಾತು ನನ್ನ ಮೇಜಿನ ಗೋಡೆಯಲ್ಲಿ ಅಂಟಿಸಿಕೊಂಡಿದ್ದೇನೆ: ಹೌದು ಇಲ್ಲ ಉತ್ತರದ ಲಾಜಿಸ್ಟಿಕ್ ರಿಗ್ರೆಶನ್ನಿನಲ್ಲಿ ಒಂದು ಕಾರಣದ ಎದುರು ಬಂದ ಅಂಕಿಯನ್ನು 4ರಿಂದ ಭಾಗಿಸು, ಆ ಕಾರಣ ಒಂದರಷ್ಟು ಹೆಚ್ಚಿದರೆ ಸಂಭವನೀಯತೆ ಹೆಚ್ಚೆಂದರೆ ಅಷ್ಟು ಬದಲಾಗುತ್ತದೆ. ಕ್ಯಾಲ್ಕುಲೇಟರ್ ಬೇಡ.

ಇನ್ನೊಂದು ತಕರಾರು ಪುಸ್ತಕದ ಮೇಲಲ್ಲ, ನಮ್ಮ ಭಾಷೆಯ ಮೇಲೆ. ಸ್ಯಾಂಪಲ್ಲಿಗೂ ಮಾದರಿ, ಮಾಡೆಲ್ಲಿಗೂ ಮಾದರಿ. ಕನ್ನಡದಲ್ಲಿ ಸಾರಾಂಶ ಬರೆಯಲು ಕೂತರೆ "ಮಾದರಿಯ ಮಾದರಿ" ಅಂತ ಬರೆದು ಪೆನ್ನು ಕೆಳಗಿಡಬೇಕು.

ಹೊಸ ಲೆಕ್ಕ ಮಾಡಿದ ಮೇಲೆ ನನ್ನ ಮೂವರ ಬ್ರಾಂಚ್ ಪಟ್ಟಿಯ ತುದಿಯಿಂದ ಇಳಿದು ಸುಮಾರು ನಡುವಿಗೆ ಬಂತು. ಖುಷಿಯಲ್ಲಿ ಅಮ್ಮನಿಗೆ ತೋರಿಸಿದೆ. ಲ್ಯಾಪ್‌ಟಾಪಿನಲ್ಲಿ ಚುಕ್ಕಿಗಳು, ಅಡ್ಡಗೆರೆ, ಗೆರೆಯ ಕಡೆಗೆ ಎಳೆದ ಬಾಣಗಳು. ಅವರು ನೂಲು ಹಲ್ಲಿನಲ್ಲಿ ಕಚ್ಚಿಕೊಂಡೇ "ಅವು ದಾದ?" (ಅದೇನು?) ಅಂದರು. ಹೇಳಿದೆ, ತುಳುವಿನಲ್ಲೇ, ತಕ್ಕಡಿ ಗಿಕ್ಕಡಿ ಎಲ್ಲ ಸೇರಿಸಿ. ಅರ್ಥವಾಗಲಿಲ್ಲ ಅಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:

"ಆ ಮೂವರ ಬೀಡಿ ಹೋದದ್ದು ಹೌದಲ್ಲ? ನೀನು ಚುಕ್ಕಿ ಕೆಳಗೆ ಎಳೆದರೆ ಅದು ಹೋಗಲಿಲ್ಲ ಅಂತ ಆಗ್ತದಾ?"

ಇಲ್ಲ, ಹಾಗಲ್ಲ. ಮಾಡೆಲ್ ಹೇಳುವುದು ಆ ಬ್ರಾಂಚಿನ ಬಗ್ಗೆ, ಇನ್ನಷ್ಟು ಜನ ಸಿಕ್ಕಿದ್ದರೆ ಸರಾಸರಿ ಎಲ್ಲಿ ನಿಲ್ಲುತ್ತಿತ್ತು ಅನ್ನುವುದರ ಬಗ್ಗೆ. ಆ ವಾರ ಆ ಮೂವರಿಗಾದ ನಷ್ಟದ ಬಗ್ಗೆ ಅದು ಮಾತೇ ಆಡುವುದಿಲ್ಲ. ಆದರೆ ನನ್ನ ಹೊಸ ಪಟ್ಟಿಯಲ್ಲಿ ಇದ್ದದ್ದು ಮಾಡೆಲ್ಲಿನ ಅಂಕಿ ಮಾತ್ರ. ಓದುವವರಿಗೆ ಆ ಮೂವರು ಎಲ್ಲಿಯೂ ಕಾಣುತ್ತಿರಲಿಲ್ಲ. ಒಂದೂವರೆ ಪುಟದ ಸಿಟ್ಟು ತಪ್ಪಾಗಿತ್ತು, ಅದನ್ನು ತೆಗೆದ ಭರದಲ್ಲಿ ಅವರನ್ನೂ ತೆಗೆದುಬಿಟ್ಟಿದ್ದೆ.

ಈಗ ಪಟ್ಟಿಯಲ್ಲಿ ಮೂರು ಕಾಲಂ ಉಂಟು: ಎಷ್ಟು ಜನ ಸಿಕ್ಕಿದರು, ಅವರು ಹೇಳಿದ ಸರಾಸರಿ ಎಷ್ಟು, ಮಾಡೆಲ್ ಅಂದಾಜು ಎಷ್ಟು. ಪುಟದ ಅಗಲ ಸಾಲದೆ ಅಡ್ಡ ಮಾಡಬೇಕಾಯಿತು. ಮೇಡಂ ನೋಡಿ, "ಇರಲಿ, ಆದ್ರೆ ಆ ಬ್ರಾಂಚಿಗೆ ಇನ್ನೊಮ್ಮೆ ಹೋಗಿ ಬನ್ನಿ, ಮಳೆ ಬಿಟ್ಟ ಮೇಲೆ" ಅಂದರು.

ನವೆಂಬರಿನಲ್ಲಿ ಹೋದೆ. ಆ ಮೂವರಲ್ಲಿ ಇಬ್ಬರು ಸಿಕ್ಕಿದರು, ಹೊಸಬರು ಒಂಬತ್ತು ಜನ. ಮೂರನೆಯವರು ಬೀಡಿ ಬಿಟ್ಟು ಗೇರುಬೀಜದ ಫ್ಯಾಕ್ಟರಿಗೆ ಸೇರಿದ್ದಾರಂತೆ. ಅವರ ಹಾಳೆಯಲ್ಲಿ ಜೂನಿನ ಅಂಕಿ ಹಾಗೇ ಉಂಟು, ಅಳಿಸಲಿಲ್ಲ.