ಎದುರಿನವನ ಕೈ ಖಾಲಿ ಮಾಡುವ ಡೆಕ್ಕು

ನನ್ನ ಹೊಸ ಡೆಕ್ಕಿನಲ್ಲಿ, ಅಂದ್ರೆ ಆಡ್ಲಿಕ್ಕೆ ಜೋಡಿಸಿದ ಕಾರ್ಡಿನ ಕಟ್ಟಿನಲ್ಲಿ, ಒಂದೇ ಒಂದು ಕ್ರೀಚರ್ (ಹೊಡೆಯುವ ಪ್ರಾಣಿಯ ಕಾರ್ಡ್) ಇಲ್ಲ ಅಂತ ಫೋನಲ್ಲಿ ಹೇಳಿದ್ದಕ್ಕೆ ಉಡುಪಿಯ ದೋಸ್ತ್ ಜೋರು ನಗಾಡಿದ, ಮತ್ತೆ ನೀನು ಹೊಡೆಯುದು ಎಂತದ್ರಲ್ಲಿ ಮಾರಾಯ ಅಂತ. ಮ್ಯಾಜಿಕ್ ದಿ ಗ್ಯಾದರಿಂಗ್ ಅಂತ ಕಾರ್ಡ್ ಆಟ ಉಂಟಲ್ಲ, ಅದನ್ನು ಆಡುವ ಹೆಚ್ಚಿನವರು ದೊಡ್ಡ ದೊಡ್ಡ ಪ್ರಾಣಿ ಇಳಿಸಿ ಎದುರಿನವನ 20 ಲೈಫ್ ಮುಗಿಸ್ಲಿಕ್ಕೆ ನೋಡ್ತಾರೆ. ನನ್ನದು ಉಲ್ಟಾ, ಅವನು ಇಳಿಸುವ ಮೊದಲೇ ಕಾರ್ಡನ್ನು ಅವನ ಕೈಯಿಂದ ಬೀಳಿಸುದು. ಪೂರ್ತಿ ಕಪ್ಪು ಬಣ್ಣದ ಕಾರ್ಡಿನ ಡೆಕ್ಕು, 22 ಲ್ಯಾಂಡ್ (ಬೇರೆ ಕಾರ್ಡ್ ಆಡ್ಲಿಕ್ಕೆ ಬೇಕಾದ ಮಾನಾ ಅಂತ ಶಕ್ತಿ ಕೊಡುವ ಕಾರ್ಡ್), ಬಾಕಿ 38ರಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಸ್ಕಾರ್ಡೇ, ಅಂದ್ರೆ ಕೈಯ ಕಾರ್ಡ್ ಎಸೆಸುವಂಥದ್ದು. ಐಡಿಯಾ ನನ್ನದಲ್ಲ, ಎಯ್ಟ್ ರ‍್ಯಾಕ್ ಅಂತ ತುಂಬ ಜನ ಆಡಿದ ಡೆಕ್ಕು ಇದು. ದಿ ರ‍್ಯಾಕ್ ಅಂತ 1994ರ ಒಂದು ಕಾರ್ಡ್ ಉಂಟು, ಒಂದೇ ಮಾನಾ ಸಾಕು, ಅದು ಕೂತ ಮೇಲೆ ಎದುರಿನವನ ಪ್ರತಿ ಟರ್ನಿನ ಸುರುವಿಗೆ ಅವನ ಕೈಯಲ್ಲಿ ಮೂರಕ್ಕಿಂತ ಎಷ್ಟು ಕಮ್ಮಿ ಕಾರ್ಡ್ ಉಂಟೋ ಅಷ್ಟು ಡ್ಯಾಮೇಜ್ ಕೊಡ್ತದೆ. ಕೈ ಖಾಲಿ ಅಂದ್ರೆ ಮೂರು. ಎರಡು ರ‍್ಯಾಕ್ ಇದ್ರೆ ಆರು. ಅಷ್ಟಾದ್ರೆ ಕ್ರೀಚರ್ ಎಂತಕ್ಕೆ?

ಒರಿಜಿನಲ್ ಕಾರ್ಡ್ ಎಲ್ಲ ತೆಗೊಳ್ಳುವಷ್ಟು ಸಂಬಳ ನನಗಿಲ್ಲ. ಲಿಲಿಯಾನಾ ಆಫ್ ದಿ ವೇಲ್ ನಾಲ್ಕು, ಥಾಟ್‌ಸೀಝ್ ನಾಲ್ಕು ಅಂತ ಲೆಕ್ಕ ಹಾಕಿದ್ರೆ ಅಲ್ಲೇ ಮಂಡೆ ಬಿಸಿ ಆಗ್ತದೆ. ಹಾಗಾಗಿ ಮಂಗಳೂರಿನ ಹಂಪನಕಟ್ಟೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್, ಟೂರ್ನಮೆಂಟಿಗೆ ಇದು ನಡೆಯುದಿಲ್ಲ ಆದ್ರೆ ಮನೆಯಲ್ಲಿ ಆಡ್ಲಿಕ್ಕೆ ಯಾರು ಕೇಳ್ತಾರೆ. ಎ4 ಶೀಟಲ್ಲಿ ಒಂಬತ್ತು ಕಾರ್ಡ್ ಸರಿಯಾಗಿ ಕೂರ್ತದೆ, ಒಂದೊಂದು 63 ಬೈ 88 ಮಿಲಿಮೀಟರ್, ಅಂಗಡಿಯವರು ಫಿಟ್ ಟು ಪೇಜ್ ಮಾಡದ ಹಾಗೆ ಪಕ್ಕದಲ್ಲೇ ನಿಂತು ನೋಡ್ಬೇಕು, ಇಲ್ಲದಿದ್ರೆ ಎಲ್ಲ ಸಣ್ಣದಾಗಿ ಪ್ಲಾಸ್ಟಿಕ್ ಸ್ಲೀವಿನೊಳಗೆ ಜಾರ್ತಾ ಇರ್ತದೆ. ಕತ್ತರಿಸಿ, ಸ್ಲೀವಿಗೆ ಹಾಕಿ, ಹಿಂದೆ ಒಂದೊಂದು ಹಳೆ ಕಾರ್ಡ್ ಇಟ್ಟೆ. ನಮ್ಮ ಮಳೆಗಾಲಕ್ಕೆ ಇದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ದೋಸ್ತಿಯ ಹೊಳೆಯುವ ಫಾಯಿಲ್ ಕಾರ್ಡೆಲ್ಲ ಜೂನ್ ಬಂತು ಅಂದ್ರೆ ಹಪ್ಪಳದ ಹಾಗೆ ಬಗ್ಗಿ ನಿಲ್ತದೆ.

ಆಡಿದ್ದು ಒಂದು ಆದಿತ್ಯವಾರ, ಕುಂಜಿಬೆಟ್ಟಿನಲ್ಲಿ ಅವನ ಮನೆಯಲ್ಲಿ, ಹೊರಗೆ ಮಳೆ ಅಂದ್ರೆ ಮಳೆ. ಮೊದಲ ಗೇಮ್ ನಾನು ಸುಲಭದಲ್ಲಿ ಗೆದ್ದೆ, ಹೇಳ್ಲಿಕ್ಕೆ ದೊಡ್ಡದೇನಿಲ್ಲ. ಎರಡನೇದಕ್ಕೆ ಅವನು ಸೈಡ್‌ಬೋರ್ಡಿಂದ (ಒಂದು ಗೇಮ್ ಮುಗಿದ ಮೇಲೆ ಬದಲಾಯಿಸ್ಲಿಕ್ಕೆ ಬದಿಗಿಟ್ಟ ಕಾರ್ಡಿಂದ) ಎಂತದೋ ಹಾಕಿಕೊಂಡು, ಎರಡನೆಯವನಾಗಿ ಆಡಿದ್ರೆ ಒಂದು ಕಾರ್ಡ್ ಜಾಸ್ತಿ ಸಿಗ್ತದೆ ಅಂತ ನನಗೇ ಮೊದಲ ಟರ್ನ್ ಬಿಟ್ಟ. ಸ್ವಾಂಪ್ ಅಂತ ಲ್ಯಾಂಡ್ ಇಟ್ಟೆ, ಥಾಟ್‌ಸೀಝ್, ನನ್ನ 2 ಲೈಫ್ ಹೋಯ್ತು, ಈಗ ಅವನು ಕೈ ತೋರಿಸ್ಬೇಕು, ಲ್ಯಾಂಡ್ ಅಲ್ಲದ ಒಂದು ಕಾರ್ಡ್ ನಾನು ಆರಿಸಿ ಎಸೆಸ್ಬಹುದು. ನನಗೆ ಈ ಡೆಕ್ಕಿನ ರುಚಿ ಇರುದೇ ಈ ಜಾಗದಲ್ಲಿ. ಕಾರ್ಡ್ ತೆಗೆಸುದು ಆಮೇಲಿನ ಮಾತು, ಏಳೂ ಕಾರ್ಡ್ ಮೇಜಿನ ಮೇಲೆ ಬಿಡಿಸಿಟ್ಟಾಗ ಅವನು ಮುಂದಿನ ನಾಲ್ಕು ಟರ್ನ್ ಎಂತ ಮಾಡ್ಬೇಕು ಅಂತ ಯೋಚಿಸಿದ್ದಾನೋ ಅದು ಪೂರ್ತಿ ಕಾಣ್ತದಲ್ಲ, ಅದು.

ಮೂರು ಫಾರೆಸ್ಟ್ (ಅದೂ ಲ್ಯಾಂಡೇ), ಒಂದು ಲ್ಯಾನೊವರ್ ಎಲ್ವ್ಸ್, ಪ್ರಾಣಿಗೆ ಬಲ ಕೊಡುವ ಜಯಂಟ್ ಗ್ರೋತ್, ಓವರ್‌ರನ್, ಮತ್ತೆ ಆಬ್ಸ್ಟಿನೇಟ್ ಬಾಲೋತ್. ಅವನು ಹಲ್ಲು ಕಿಸಿದ. ಬಾಲೋತನ್ನು ಎದುರಿನವ ಡಿಸ್ಕಾರ್ಡ್ ಮಾಡಿಸಿದ್ರೆ ಅದು ಗ್ರೇವ್‌ಯಾರ್ಡಿಗೆ (ಎಸೆದ ಕಾರ್ಡಿನ ರಾಶಿಗೆ) ಹೋಗುದಿಲ್ಲ, ಸೀದಾ ಆಟಕ್ಕೆ ಇಳೀತದೆ, 4/4 (ಹೊಡೆತ 4, ತಾಳುದು 4) ಪ್ರಾಣಿ ಫ್ರೀ, ಮೇಲಿಂದ 4 ಲೈಫ್ ಬೇರೆ. ನನ್ನಂಥವರಿಗೇ ಇಟ್ಟ ಕಾರ್ಡ್ ಅದು. ನಾನು ತುಂಬ ಹೊತ್ತು ನೋಡಿ ಎಲ್ವ್ಸ್ ತೆಗೆಸಿದೆ. ಒಂದು ಪುಟ್ಟ ಮಾನಾ ಕೊಡುವ ಪ್ರಾಣಿಗೆ ಥಾಟ್‌ಸೀಝ್ ಯಾಕೆ ಹಾಳು ಮಾಡಿದ್ದು, ಓವರ್‌ರನ್ ಉಂಟಲ್ಲ ಅಂತ ಅವನೇ ಕೇಳಿದ.

ಅವನು ಫಾರೆಸ್ಟ್ ಇಟ್ಟು ಪಾಸ್. ನನ್ನ ಎರಡನೇ ಟರ್ನಿಗೆ ಸ್ಮಾಲ್‌ಪಾಕ್ಸ್. ಇಬ್ಬರಿಗೂ 1 ಲೈಫ್ ಹೋಗ್ತದೆ, ಒಂದೊಂದು ಕಾರ್ಡ್ ಡಿಸ್ಕಾರ್ಡ್, ಆಮೇಲೆ ಮೇಜಿನ ಮೇಲಿರುವ ಒಂದು ಕ್ರೀಚರ್ ಸ್ಯಾಕ್ರಿಫೈಸ್, ಅಂದ್ರೆ ಬಿಟ್ಟುಕೊಡುದು, ಆಮೇಲೆ ಒಂದು ಲ್ಯಾಂಡ್. ಅವನು ಖುಷಿಯಲ್ಲಿ ಬಾಲೋತನ್ನೇ ತೆಗೆದು ಪಟ್ಟಂತ ಮೇಜಿಗೆ ಬಡಿದ, ನೋಡು ಬಂತು ಅಂತ. ಬಂತು ಸರಿ, ಈಗ ಒಂದು ಕ್ರೀಚರ್ ಸ್ಯಾಕ್ರಿಫೈಸ್ ಮಾಡು ಅಂದೆ. ಎಲ್ವ್ಸ್ ಇರ್ತಿದ್ರೆ ಅದನ್ನು ಕೊಟ್ಟು ಬಾಲೋತನ್ನು ಉಳಿಸ್ಕೊಳ್ತಿದ್ದ. ಇರುದು ಬಾಲೋತ್ ಒಂದೇ. ಮೊಬೈಲ್ ತೆಗೆದು ರೂಲ್ ಓದಿದ, ಇನ್ನೊಂದು ಸಲ ಓದಿದ, 4 ಲೈಫ್ ಬರ್ತದಲ್ಲಾ ಅಂದ, ಬರ್ತದೆ ತೆಗೊ ಅಂದೆ. ಇದ್ದ ಒಂದು ಫಾರೆಸ್ಟೂ ಹೋಯ್ತು.

ಮತ್ತೆ ಉಳಿದದ್ದು ನಿಧಾನದ ಕೆಲಸ. ರೇವನ್ಸ್ ಕ್ರೈಮ್ ಅಂತ ಡಿಸ್ಕಾರ್ಡ್ ಮಾಡಿಸುವ ಕಾರ್ಡ್ ಉಂಟಲ್ಲ, ಬೇಡದ ಲ್ಯಾಂಡ್ ಒಂದೊಂದು ಎಸೆದು ಗ್ರೇವ್‌ಯಾರ್ಡಿಂದ ಮತ್ತೆ ಮತ್ತೆ ಆಡ್ಬಹುದು, ಅವನು ಎಳೆದದ್ದು ಕೈಯಲ್ಲಿ ನಿಲ್ಲುದೇ ಇಲ್ಲ. ಬಾಳೆಲೆ ಹಾಕಿ ಕೂರಿಸಿ ಬಡಿಸಿದ್ದನ್ನೆಲ್ಲ ವಾಪಸ್ ಎತ್ತಿಕೊಂಡು ಹೋದ ಹಾಗೆ ಮಾಡ್ತಿ ನೀನು, ಇದು ಆಟವಾ ಅಂತ ಅವನ ಕಂಪ್ಲೇಂಟ್, ಅದರಲ್ಲಿ ಸುಳ್ಳೇನಿಲ್ಲ. ಆದ್ರೆ ಅವನ ಡೆಕ್ಕು ಸರಿಯಾಗಿ ಓಡಿದ ದಿನ ನಾನೂ ಸುಮ್ಮನೆ ಕೂತು ಪೆಟ್ಟು ತಿನ್ನುದೇ ಅಲ್ವಾ. ಅವನ ಅಮ್ಮ ಗೋಳಿಬಜೆ ತಂದಿಟ್ರು, ಎಣ್ಣೆ ಕೈಯಲ್ಲಿ ಕಾರ್ಡ್ ಮುಟ್ಬೇಡಿ ಅಂತ ಬೇರೆ ಹೇಳಿ ಹೋದ್ರು. ಒಳಗಿಂದ ಬಂದ ಮಾವನಿಗೆ ಒಂದೇ ಡೌಟು, ದುಡ್ಡು ಇಟ್ಟು ಆಡುದಾ ಅಂತ. ಇಲ್ಲ ಅಂದ ಕೂಡ್ಲೇ ಇಂಟರೆಸ್ಟ್ ಹೋಯ್ತು ಅವರಿಗೆ.

ಆಮೇಲೆ ಅವನ ತಂಗಿ ಕೂತಳು, ಕೆಂಪು ಬರ್ನ್ ಡೆಕ್ಕು. ಅವಳ ಕೈ ಖಾಲಿ ಮಾಡ್ಲಿಕ್ಕೆ ನಾನು ಬೇಕಂತಲೇ ಇಲ್ಲ, ಎಳೆದದ್ದೆಲ್ಲ ಅವಳೇ ನನ್ನ ಮುಖಕ್ಕೆ ಎಸೀತಾಳೆ, ಲೈಟ್ನಿಂಗ್ ಬೋಲ್ಟಿಗೆ ಒಂದು ಮಾನಾ ಮೂರು ಡ್ಯಾಮೇಜ್. ಥಾಟ್‌ಸೀಝ್ ಹಾಕಿದ್ರೆ "ಅಣ್ಣ, 2 ಲೈಫ್ ನೀವೇ ಕೊಟ್ರಲ್ಲ, ಥ್ಯಾಂಕ್ಸ್" ಅಂತಾಳೆ. ಆಟ ಉದ್ದ ಹೋದ ಮೇಲೆ ಡಿಸ್ಕಾರ್ಡ್ ಎಳೆದು ಎಂತ ಪ್ರಯೋಜನ, ತೆಗಿಲಿಕ್ಕೆ ಎದುರು ಎಂತದ್ದೂ ಇಲ್ಲ. ರ‍್ಯಾಕ್ ಅವಳನ್ನು ಕಚ್ತದೆ ಹೌದು, ಆದ್ರೆ ಬೋಲ್ಟ್ ಮೊದಲು ಮುಟ್ತದೆ. ದೋಸ್ತಿಗೆ ಅಂದಿನ ಗೋಳಿಬಜೆಗಿಂತ ರುಚಿ ಆದದ್ದು ಅದೇ ಇರ್ಬೇಕು.

ಈಗ ಎರಡು ಥಾಟ್‌ಸೀಝ್ ತೆಗೆದು ಕಲೆಕ್ಟಿವ್ ಬ್ರೂಟಾಲಿಟಿ ಹಾಕಿದ್ದೇನೆ, ಅದು ಅವಳ ಕೈಯಿಂದ ಬೋಲ್ಟೂ ತೆಗೆಸ್ತದೆ, ನನ್ನ ಕೈಯ ಒಂದು ಕಾರ್ಡ್ ಎಸೆದ್ರೆ ಜೊತೆಗೆ 2 ಲೈಫ್ ಅವಳದ್ದು ಇಳಿಸಿ ನನಗೆ ಕೊಡ್ತದೆ. ಪ್ರಿಂಟ್ ಇನ್ನೂ ಆಗಿಲ್ಲ, ಸದ್ಯಕ್ಕೆ ಪೆನ್ನಲ್ಲಿ ಹೆಸರು ಬರೆದ ಚೀಟಿ.